ಪೇಟೆಯ ದಿನದ ಗುಳಿಗೆ

ಬ್ಯಾಡಗಿ
೩ ಜುಲೈ ೧೯೯೫

ಚಿ. ನಾಸೀರನಿಗೆ ಆಶೀರ್ವಾದ.

ಕ್ಷೇಮಸಮಾಚಾರಕ್ಕೆಂದು ಎರಡು ಸಾಲು ಹಾಳು ಮಾಡುವುದಿಲ್ಲ. ಕ್ಷೇಮವಿದ್ದಿದ್ದರೆ ನಿನಗೇಕೆ ಬರೆಯುತ್ತಿದ್ದೆ?

ನಾನು ಮೈಲಪ್ಪ ಮಾಸ್ತರ. ಕರ್ಜಗಿಯ ಹೈಸ್ಕೂಲಿನಲ್ಲಿ ನಿನಗೆ ಮೂರು ವರ್ಷ ಗಣಿತ ಕಲಿಸಲು ಹೆಣಗಿದವನು. ಭಿನ್ನರಾಶಿ ಕೂಡಿಸು ಎಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಕೈ ತೊಳೆದುಕೊಳ್ಳುತ್ತಿದ್ದ ಫಕ್ಕೀರಸಾಬನ ಮಗ, ಈಗ ಹಾವೇರಿಯಲ್ಲಿ ಎಂ.ಡಿ. ಬೋರ್ಡು ಹಾಕಿಕೊಂಡು ಕೂತಿದ್ದಾನೆಂದು ಕೇಳಿ ಸಂತೋಷವಾಯಿತು. ಹಾವೇರಿಯ ಜನರ ಬಗ್ಗೆ ಸ್ವಲ್ಪ ಚಿಂತೆಯೂ ಆಯಿತು.

ಆರು ವರ್ಷದ ಹಿಂದೆ ನನ್ನ ಎಡಗಣ್ಣು ಒಂದು ತಿಂಗಳು ಮಂಜಾಗಿ ತಾನಾಗಿಯೇ ತಿಳಿಯಾಯಿತು. ಆಮೇಲೆ ಕಾಲು ಎಳೆಯತೊಡಗಿತು. ಈಗ ಕೋಲು ಬೇಕು. ಹೋದ ವರ್ಷ ಬೆಂಗಳೂರಿನಲ್ಲಿ ತಲೆಯನ್ನು ಒಂದು ಕೊಳವೆಯೊಳಗೆ ತುರುಕಿ ಚಿತ್ರ ತೆಗೆದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರು. ನರಗಳ ಮೇಲಿನ ಹೊದಿಕೆಯನ್ನು ನಮ್ಮ ಮೈಯೇ ತಿನ್ನುತ್ತದಂತೆ. ಔಷಧವೇನು ಅಂದೆ. "ಧೈರ್ಯ" ಅಂದರು ಅಲ್ಲಿಯ ದೊಡ್ಡ ಡಾಕ್ಟರು. ಅದನ್ನು ಯಾವ ಅಂಗಡಿಯಲ್ಲಿ ಮಾರುತ್ತಾರೆಂದು ಕೇಳುವಷ್ಟರಲ್ಲಿ ಮುಂದಿನ ರೋಗಿಯನ್ನು ಕರೆದರು. ರಾಣೆಬೆನ್ನೂರಿನಲ್ಲಿರುವ ನನ್ನಕ್ಕ ಉಚ್ಚಂಗೆವ್ವ ತಿಂಗಳಿಗೊಂದು ಮದ್ದು ಕಳಿಸುತ್ತಾಳೆ. ಒಮ್ಮೆ ಎಣ್ಣೆ, ಒಮ್ಮೆ ತಾಯಿತ, ಮೊನ್ನೆ ಯಾವನೋ ಸಾಧುವಿನ ಪಾದಧೂಳಿ. ಬ್ಯಾಡಗಿಯಲ್ಲಿ ಧೂಳಿಗೇನೂ ಬರವಿಲ್ಲ ಎಂದು ಹಿಂದಕ್ಕೆ ಕಳಿಸಿದೆ.

ಕಾಲಿನ ಚಿಂತೆ ಬಿಟ್ಟಿದ್ದೇನೆ. ಈಗ ಬಲಗೈ ಹೋಗುತ್ತಿದೆ. ಕಿರುಬೆರಳು, ಉಂಗುರಬೆರಳು ನನ್ನ ಮಾತು ಕೇಳುವುದಿಲ್ಲ. ಹಲಗೆಯ ಮೇಲೆ ಬರೆಯುವಾಗ ಸೀಮೆಸುಣ್ಣ ಜಾರಿ ಬೀಳುತ್ತದೆ. ಮಕ್ಕಳು ನಕ್ಕಿದ್ದರೆ ಬೈಯಬಹುದಿತ್ತು. ಅವರು ಎದ್ದು ಬಂದು ಎತ್ತಿಕೊಡುತ್ತಾರೆ. ನನಗೆ ಅದೇ ತಡೆಯಲಾಗುವುದಿಲ್ಲ.

ನಮ್ಮ ಹೆಡ್ಮಾಸ್ತರ ಪ್ರಭುಲಿಂಗಪ್ಪ, ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ಆ ಕುರ್ಚಿ ಹತ್ತಿದವನು, ಇಲಾಖೆಗೆ ಬರೆದಿದ್ದಾನೆ. ಬರುವ ಜೂನಿನಲ್ಲಿ ನಾನು ವೈದ್ಯ ಮಂಡಳಿಯ ಮುಂದೆ ಹೋಗಬೇಕು. ಹಲಗೆಯ ಮೇಲೆ ಬರೆಸಿ ನೋಡುತ್ತಾರಂತೆ. ಬರೆದರೆ ನೌಕರಿ, ಇಲ್ಲವಾದರೆ ಮನೆ. ನನಗೆ ನಲವತ್ತಾರು. ಮನೆಯಲ್ಲಿ ಕೂತು ಗೋಡೆಗೆ ಗಣಿತ ಹೇಳಲೇ?

ಪವಾಡ ಕೇಳುತ್ತಿಲ್ಲ. ಏನಾದರೂ ಓದಿದ್ದರೆ ಬರೆ, ಓದುವ ಅಭ್ಯಾಸ ಇನ್ನೂ ಉಳಿದಿದ್ದರೆ.

ಮೈಲಪ್ಪ ಹೊಳಿಯಪ್ಪನವರ


ಹಾವೇರಿ
೧೯ ಜುಲೈ ೧೯೯೫

ಪೂಜ್ಯ ಸರ್ ಅವರಿಗೆ ನಾಸೀರನ ನಮಸ್ಕಾರಗಳು.

ಲಕೋಟೆಯ ಮೇಲೆ ತಮ್ಮ ಅಕ್ಷರ ಕಂಡ ಕೂಡಲೇ ಎದ್ದು ನಿಂತೆ. ಮೂವತ್ತೆರಡು ವರ್ಷದ ಡಾಕ್ಟರು ಅಂಚೆಯವನ ಮುಂದೆ ಕೈಕಟ್ಟಿ ನಿಂತದ್ದು ಕಂಡು ಕಂಪೌಂಡರ್ ನಕ್ಕುಬಿಟ್ಟ. ಅಕ್ಷರ ಮೊದಲಿನಂತಿಲ್ಲ ಎಂಬುದನ್ನೂ ನೋಡಿದೆ, ಸರ್.

ಒಂದು ವಿಷಯ ಓದಿದ್ದೇನೆ. ಮೆಥೊಟ್ರೆಕ್ಸೇಟ್ ಎಂಬ ಗುಳಿಗೆ ಇದೆ. ದೊಡ್ಡ ಪ್ರಮಾಣದಲ್ಲಿ ಕ್ಯಾನ್ಸರಿಗೆ, ಸಣ್ಣ ಪ್ರಮಾಣದಲ್ಲಿ ಕೀಲುವಾತಕ್ಕೆ ಕೊಡುತ್ತೇವೆ. ತಮ್ಮ ರೋಗಕ್ಕೆ ಅದು ಒಪ್ಪಿತವಾದ ಔಷಧವಲ್ಲ. ಆದರೆ ವಿದೇಶದಲ್ಲಿ ಅರವತ್ತು ರೋಗಿಗಳನ್ನು ತೆಗೆದುಕೊಂಡು, ಸುಮಾರು ಅರ್ಧ ಜನಕ್ಕೆ ಅದನ್ನು, ಉಳಿದವರಿಗೆ ಏನೂ ಇಲ್ಲದ ಹುಸಿ ಗುಳಿಗೆಯನ್ನು ಕೊಟ್ಟು ಎರಡು ವರ್ಷ ನೋಡಿದ್ದಾರೆ. ಕಾಲಿಗೆ ಹೇಳಿಕೊಳ್ಳುವಂಥ ಗುಣವಿಲ್ಲ. ಕೈ ಕೆಡುವುದು ಮಾತ್ರ ನಿಧಾನವಾಯಿತು ಎಂದು ಬರೆದಿದ್ದಾರೆ.

ಆಸೆ ಹುಟ್ಟಿಸಲು ಬರೆಯುತ್ತಿಲ್ಲ. ತಾವು ಒಮ್ಮೆ ಬಂದು ತೋರಿಸಿಕೊಂಡು ಹೋಗಬೇಕು.

ತಮ್ಮ ವಿದ್ಯಾರ್ಥಿ
ನಾಸೀರ ನದಾಫ


ಬ್ಯಾಡಗಿ
೬ ಆಗಸ್ಟ್ ೧೯೯೫

ಚಿ. ನಾಸೀರ,

ಅರವತ್ತರಲ್ಲಿ ಅರ್ಧ ಮೂವತ್ತು. ಮೂವತ್ತು ಜನರ ಕೈ ನೋಡಿ ಭೂಮಂಡಲದ ಕೈಗಳ ಭವಿಷ್ಯ ಹೇಳುವವರಿಗಿಂತ ನಮ್ಮ ಬಸ್‌ಸ್ಟ್ಯಾಂಡಿನ ಹಸ್ತಸಾಮುದ್ರಿಕದವನು ವಾಸಿ. ಅವನು ಒಂದೇ ಕೈ ನೋಡಿ ಒಂದೇ ಕೈಯ ಸುಳ್ಳು ಹೇಳುತ್ತಾನೆ.

ಇನ್ನು, ಕೆಡುವುದು ನಿಧಾನವಾದರೆ ಅದನ್ನು ಲಾಭವೆಂದು ಎಣಿಸುವ ಜಾತಿ ನಿಮ್ಮದು. ಪ್ರಭುಲಿಂಗಪ್ಪನೂ ನಿಧಾನವಾಗಿಯೇ ಮೂರ್ಖನಾದದ್ದು. ಹಾಗೆಂದು ಅವನನ್ನು ಜಾಣ ಅನ್ನೋಣವೇ?

ಮುಂದಿನ ವಾರ ಬರುತ್ತೇನೆ. ಹೆಂಡತಿ ಪ್ರೇಮಾ ಜೊತೆಗಿರುತ್ತಾಳೆ; ಬಸ್ಸು ಹತ್ತಿಸುವವರು ಬೇಕು. ಈಗ ಲಕೋಟೆ ಒಡೆಯುವವಳೂ ಅವಳೇ, ಅಂಗಿಯ ಗುಂಡಿ ಹಾಕುವವಳೂ ಅವಳೇ. ಅಷ್ಟರಲ್ಲಿ ಮೂರು ಪ್ರಶ್ನೆಗೆ ಉತ್ತರ ಬರೆದಿಟ್ಟಿರು. ಈ ಗುಳಿಗೆಯನ್ನು ಈ ರೋಗಕ್ಕೆ ನೀನು ಯಾರಿಗಾದರೂ ಕೊಟ್ಟಿದ್ದೀಯಾ? ಅದು ಏನೇನು ಕೆಡಿಸುತ್ತದೆ? ನನ್ನ ಜಾಗದಲ್ಲಿ ನೀನಿದ್ದರೆ ನುಂಗುತ್ತಿದ್ದೆಯಾ? ನಕಲು ಹೊಡೆಯಲು ಪಕ್ಕದಲ್ಲಿ ಯಾರೂ ಇಲ್ಲ, ಎಚ್ಚರ.

ಮೈಲಪ್ಪ


ಹಾವೇರಿ
೨೭ ಆಗಸ್ಟ್ ೧೯೯೫

ಪೂಜ್ಯ ಸರ್,

ತಮ್ಮನ್ನು ಪರೀಕ್ಷಿಸಿದ ದಿನ ದವಾಖಾನೆ ತುಂಬ ಜನ, ಮಾತಾಡಲಾಗಲಿಲ್ಲ. ರಕ್ತ, ಯಕೃತ್ತು ಸದ್ಯಕ್ಕೆ ಚೆನ್ನಾಗಿವೆ.

ಮೊದಲ ಪ್ರಶ್ನೆ: ಕೊಟ್ಟಿಲ್ಲ. ಕೀಲುವಾತಕ್ಕೆ ಹನ್ನೊಂದು ಜನರಿಗೆ ಕೊಟ್ಟಿದ್ದೇನೆ. ತಮಗೆ ಕೊಟ್ಟರೆ ಈ ರೋಗದವರಲ್ಲಿ ತಾವೇ ಮೊದಲಿಗರು.

ಎರಡನೆಯದು: ಯಕೃತ್ತು ಕೆಡಬಹುದು. ರಕ್ತ ಹುಟ್ಟುವ ಮಜ್ಜೆ ಸೊರಗಬಹುದು. ಆಗ ಬಾಯಲ್ಲಿ ಹುಣ್ಣು, ಜ್ವರ. ಅಲಕ್ಷ್ಯ ಮಾಡಿದರೆ ಪ್ರಾಣಕ್ಕೆ ಬರುತ್ತದೆ. ಅದಕ್ಕೇ ಆಗಾಗ ರಕ್ತ ಪರೀಕ್ಷೆ.

ಮೂರನೆಯದು: ಗೊತ್ತಿಲ್ಲ, ಸರ್. ನನ್ನ ಕೈ ಇನ್ನೂ ಗಟ್ಟಿ ಇದೆ. ಗಟ್ಟಿ ಕೈಯವನು ಹೇಳುವ ಉತ್ತರಕ್ಕೆ ಬೆಲೆಯಿಲ್ಲ.

ನಾಸೀರ


ಬ್ಯಾಡಗಿ
೧೪ ಅಕ್ಟೋಬರ್ ೧೯೯೫

ಚಿ. ನಾಸೀರ,

ಒಂದೂವರೆ ತಿಂಗಳು ಉತ್ತರ ಬರೆಯದ್ದಕ್ಕೆ ಕಾರಣ ಕೇಳಬೇಡ. ಬರೆಯಲು ಕೂತಾಗಲೆಲ್ಲ ಕೈ ರಜೆ ಹಾಕಿತ್ತು.

ಈ ಆರು ವರ್ಷದಲ್ಲಿ ಕಂಡ ಡಾಕ್ಟರರಲ್ಲಿ "ಗೊತ್ತಿಲ್ಲ" ಎಂಬ ಪದವನ್ನು ಬಾಯಿಬಿಟ್ಟು ಹೇಳಿದವನು ನೀನೊಬ್ಬನೇ. ಉಳಿದವರಿಗೆ ಆ ಪದದ ಕಾಗುಣಿತವೂ ಬರುವುದಿಲ್ಲ. ಅದಕ್ಕೇ ಒಪ್ಪಿದ್ದೇನೆ. ಯಕೃತ್ತನ್ನು ಯಾರೂ ಹಲಗೆಯ ಮುಂದೆ ನಿಲ್ಲಿಸುವುದಿಲ್ಲ, ಹೋದರೆ ಹೋಗಲಿ. ನನಗೆ ಜೂನಿನವರೆಗೆ ಕೈ ಬೇಕು.

ನನಗೆ ಬಸ್ಸಿನ ಸಹವಾಸ ಸಾಕಾಗಿದೆ. ಪ್ರೇಮಾಳನ್ನು ಕಳಿಸುತ್ತೇನೆ, ಗುಳಿಗೆ ಅವಳ ಕೈಯಲ್ಲಿ ಕೊಡು. ಆದರೆ ಅವಳಿಗೆ ನಿನ್ನ ಪಾಂಡಿತ್ಯವನ್ನೆಲ್ಲ ಸುರಿಯಬೇಡ. ನಾಲ್ಕನೇ ಇಯತ್ತೆ ಓದಿದ ಹೆಂಗಸು, ಗೊಂದಲ ಮಾಡಿಕೊಳ್ಳುತ್ತಾಳೆ. ಮಗುವಿಗೆ ಹೇಳಿದ ಹಾಗೆ ಒಂದೇ ಮಾತಿನಲ್ಲಿ ಹೇಳಿ ಕಳಿಸು. ವಿವರ ಬೇಕಿದ್ದರೆ ನನಗೆ ಬರೆ.

ಮೈಲಪ್ಪ


ಹಾವೇರಿ
೨೫ ಅಕ್ಟೋಬರ್ ೧೯೯೫
(ಪ್ರೇಮಾ ಅಕ್ಕಾವ್ರ ಕೈಯಲ್ಲಿ)

ಪೂಜ್ಯ ಸರ್,

ಗುಳಿಗೆ ಹುಬ್ಬಳ್ಳಿಯಿಂದ ತರಿಸಿದ್ದೇನೆ. ಮೇಲಿಂದ ಮೇಲೆ ಸಿಗುವುದಿಲ್ಲವಾದ್ದರಿಂದ ಆರು ತಿಂಗಳದ್ದನ್ನು ಒಮ್ಮೆಲೇ ಕಳಿಸಿದ್ದೇನೆ. ಮೂರು ಗುಳಿಗೆ ಒಟ್ಟಿಗೆ, ವಾರಕ್ಕೆ ಒಂದೇ ಸಲ. ಕೆಳಗೆ ಗೆರೆ ಎಳೆದಿದ್ದೇನೆ, ದಯವಿಟ್ಟು ನೋಡಿರಿ. ಇದು ದಿನಾ ನುಂಗುವ ಔಷಧವಲ್ಲ, ಹೆಚ್ಚು ನುಂಗಿದರೆ ಹೆಚ್ಚು ಗುಣವೂ ಇಲ್ಲ.

ಅಕ್ಕಾವ್ರಿಗೆ ತಾವು ಬರೆದಂತೆ ಒಂದೇ ಮಾತಿನಲ್ಲಿ ಹೇಳಿದ್ದೇನೆ. ಹದಿನೈದು ದಿನಕ್ಕೊಮ್ಮೆ ರಾಣೆಬೆನ್ನೂರಿನಲ್ಲಿ ರಕ್ತ ಕೊಟ್ಟು ವರದಿ ಕಳಿಸಿರಿ.

ನಾಸೀರ


ಬ್ಯಾಡಗಿ
೩೦ ನವೆಂಬರ್ ೧೯೯೫

ಚಿ. ನಾಸೀರ,

ಈ ಅಕ್ಷರ ನೋಡು. ನೋಡಿದೆಯಾ? ಇನ್ನೊಮ್ಮೆ ನೋಡು.

ನಿನ್ನೆ ಹತ್ತನೇ ತರಗತಿಗೆ ಪೈಥಾಗೊರಸನ ಪ್ರಮೇಯ ತೆಗೆದುಕೊಂಡೆ. ಕುರ್ಚಿಯಿಂದ ಎದ್ದು, ಎಡಗೈಯಲ್ಲಿ ಹಲಗೆಯ ಚೌಕಟ್ಟು ಹಿಡಿದು, ಬಲಗೈಯಿಂದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಾನೇ ಬರೆದೆ. ಸೀಮೆಸುಣ್ಣ ಒಮ್ಮೆಯೂ ಬೀಳಲಿಲ್ಲ. ಪ್ರಭುಲಿಂಗಪ್ಪ ಕಿಟಕಿಯಾಚೆ ನಿಂತು ನೋಡಿದ. ಹರಳೆಣ್ಣೆ ಕುಡಿದವನ ಮುಖ. "ಆರಾಮ ಅದೀರಲ್ರಿ ಮಾಸ್ತರ್!" ಅಂದ. "ನಿಮ್ಮ ಪುಣ್ಯಾ ಇನ್ನೂ ನಮಗ ಹತ್ತಿಲ್ರಿ, ಅದಕ್ಕ" ಅಂದೆ. ಅವನಿಗೆ ಅದು ಹೊಗಳಿಕೆಯೋ ಬೈಗುಳವೋ ತಿಳಿಯಲು ಸಂಜೆಯಾಗಿರಬೇಕು.

ನಿನ್ನ ಮೂವತ್ತು ಜನ ಎರಡು ವರ್ಷಕ್ಕೆ ಕಂಡದ್ದನ್ನು ನಾನು ಐದು ವಾರಕ್ಕೆ ಕಂಡೆ. ಆ ವಿದೇಶಿಯರಿಗೆ ಅರ್ಥವಾಗದ್ದು ಏನೋ ಇದೆ. ಔಷಧವನ್ನು ಜಿಪುಣರ ಹಾಗೆ ಅಳೆದು ಕೊಟ್ಟರೆ ಇನ್ನೇನಾದೀತು? ಇರಲಿ.

ರಕ್ತ ಎರಡು ಸಲ ಕೊಟ್ಟೆ. ಎಲ್ಲ ಸರಿ ಇದೆಯಂತೆ. ಕಾಗದ ಎಲ್ಲೋ ಇಟ್ಟಿದ್ದೇನೆ.

ಭಿನ್ನರಾಶಿ ಬರದವನು ನನ್ನ ಕೈ ಹಿಂದಕ್ಕೆ ಕೊಟ್ಟ ಎಂದು ಯಾರಿಗಾದರೂ ಹೇಳಿದರೆ ನಂಬುತ್ತಾರೆಯೇ? ನಾನಂತೂ ಹೇಳುತ್ತಿದ್ದೇನೆ.

ಮೈಲಪ್ಪ


ಹಾವೇರಿ
೯ ಡಿಸೆಂಬರ್ ೧೯೯೫

ಪೂಜ್ಯ ಸರ್,

ಪತ್ರ ಮೂರು ಸಲ ಓದಿದೆ. ಸಂತೋಷ ಹೇಗೆ ಹೇಳಲಿ? ಆದರೂ ಹೇಳಬೇಕಾದದ್ದು ಹೇಳುತ್ತೇನೆ. ಐದು ವಾರಕ್ಕೆ ಈ ಗುಳಿಗೆ ಇಷ್ಟು ಕೆಲಸ ಮಾಡುವುದಿಲ್ಲ. ಸೆಕೆಗೆ ಕೈಕಾಲಿನ ಬಲ ಕುಗ್ಗುವುದು, ತಂಪಿಗೆ ಚಿಗುರುವುದು ಈ ರೋಗದ ಸ್ವಭಾವ. ಈಗ ಚಳಿ. ಕೈ ತಂದುಕೊಟ್ಟದ್ದು ಗುಳಿಗೆಯಲ್ಲ, ಮಾರ್ಗಶಿರ ಮಾಸ ಇರಬಹುದು.

ವರದಿಯ ಕಾಗದ ಹುಡುಕಿ ಕಳಿಸಿರಿ. ಬಾಯಲ್ಲಿ ಹುಣ್ಣು, ಜ್ವರ ಏನಾದರೂ ಇದೆಯೇ? ಅಳೆದು ಕೊಡುವ ಬಗ್ಗೆ ತಾವು ಬರೆದ ಮಾತು ನನಗೆ ಸರಿಯಾಗಿ ತಿಳಿಯಲಿಲ್ಲ.

ನಾಸೀರ


ಬ್ಯಾಡಗಿ
೨೭ ಡಿಸೆಂಬರ್ ೧೯೯೫

ನಾಸೀರ,

ಮಾರ್ಗಶಿರ ಮಾಸವಂತೆ! ಹೋದ ವರ್ಷ ಮಾರ್ಗಶಿರ ಬಂದಿರಲಿಲ್ಲವೇ? ನೀನು ಕೊಟ್ಟ ಔಷಧವನ್ನು ನೀನೇ ನಂಬುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಕುಣಿದು ಗೆದ್ದ ಮೇಲೂ ಬಹುಮಾನ ನೆಲಕ್ಕೆ ಕೊಡಿ ಅನ್ನುತ್ತಿದ್ದೀಯ.

ಬಾಯಿ ಹುಣ್ಣು ಕೇಳಿದ್ದೀಯ. ಬ್ಯಾಡಗಿಯಲ್ಲಿ ಈಗ ಮೆಣಸಿನಕಾಯಿ ಹಂಗಾಮು. ಬೀದಿಯಲ್ಲಿ ಬಾಯಿ ತೆರೆದರೆ ಉರಿ ಒಳಗೆ ಬರುತ್ತದೆ. ಈ ಊರಿನಲ್ಲಿ ಬಾಯಿ ಉರಿಯದವನು ಊರವನೇ ಅಲ್ಲ. ಹತ್ತಿ ಬೆಳೆಯುವ ಕರ್ಜಗಿಯವನಿಗೆ ಇದೆಲ್ಲ ಹೇಗೆ ತಿಳಿಯಬೇಕು.

ಗಂಜಿ ಕುಡಿಯುತ್ತಿದ್ದೇನೆ. ವರದಿ ಸಿಕ್ಕಿಲ್ಲ. ಆಮೇಲೆ ಬರೆಯುತ್ತೇನೆ.

ಮೈ.


ಹಾವೇರಿ
೨೯ ಜನವರಿ ೧೯೯೬

ಪೂಜ್ಯ ಸರ್,

ತಾವು ಮನೆ ಮುಟ್ಟಿ ಎಂಟು ದಿನವಾಯಿತೆಂದು ತಿಳಿಯಿತು. ಈಗ ಓದುವ ಶಕ್ತಿ ಬಂದಿರಬಹುದೆಂದು ಬರೆಯುತ್ತಿದ್ದೇನೆ.

ಜನವರಿ ಎಂಟರಂದು ತಮ್ಮನ್ನು ಟೆಂಪೋದಲ್ಲಿ ಮಲಗಿಸಿಕೊಂಡು ತಂದಾಗ ಮೈ ಕೆಂಡ. ಬಾಯಿಯ ಒಳಗೆ ಬೆರಳಿಡುವಷ್ಟೂ ಚರ್ಮ ಉಳಿದಿರಲಿಲ್ಲ. ಬಿಳಿ ರಕ್ತಕಣ ಒಂಬೈನೂರಕ್ಕೆ ಇಳಿದಿತ್ತು. ನಾಲ್ಕು ಸಾವಿರಕ್ಕೆ ಕಡಿಮೆ ಇರಬಾರದು. ಅಂದೇ ಹುಬ್ಬಳ್ಳಿಗೆ ಸಾಗಿಸಿದೆವು. ಉಳಿದ ಗುಳಿಗೆ ಎಣಿಸಿದೆ. ವಾರಕ್ಕೊಮ್ಮೆ ಹೋಗಬೇಕಾದದ್ದು ವಾರಕ್ಕೆರಡು ಸಲ ಹೋಗಿದೆ. ದೊಡ್ಡ ಪ್ರಮಾಣವೇನಲ್ಲ, ಎಷ್ಟೋ ಜನ ತಡೆದುಕೊಳ್ಳುತ್ತಾರೆ. ತಮ್ಮ ಮೈ ತಡೆಯಲಿಲ್ಲ.

ರಾಣೆಬೆನ್ನೂರಿನಲ್ಲಿ ವಿಚಾರಿಸಿದೆ. ತಾವು ರಕ್ತ ಕೊಡಲು ಅಲ್ಲಿಗೆ ಒಂದು ಸಲವೂ ಹೋಗಿಲ್ಲ. ಸರ್, ಇಂಥ ಸುಳ್ಳನ್ನು ನಾನು ಎಂಟನೇ ತರಗತಿಯಲ್ಲಿ ಮನೆಪಾಠದ ವಹಿ ಮರೆತೆ ಎಂದು ಹೇಳುತ್ತಿದ್ದೆ. ತಾವು ಕಿವಿ ಹಿಂಡುತ್ತಿದ್ದಿರಿ. ಈಗ ಯಾರ ಕಿವಿ ಯಾರು ಹಿಂಡಬೇಕು?

ಅಕ್ಕಾವ್ರಿಗೆ ನಾನು ವಾರಕ್ಕೊಮ್ಮೆ ಎಂದು ಸ್ಪಷ್ಟವಾಗಿಯೇ ಹೇಳಿದ್ದೆ. ಅವರಿಗೆ ತಿಳಿಯಲಿಲ್ಲ. ಓದು ಕಡಿಮೆ ಇದ್ದವರ ಕೈಗೆ ಇಂಥ ಔಷಧ ಕೊಟ್ಟದ್ದು ನನ್ನ ತಪ್ಪು. ಗುಳಿಗೆ ನಿಲ್ಲಿಸಿದ್ದೇನೆ. ಮತ್ತೆ ಕೊಡುವುದಿಲ್ಲ.

ನಾಸೀರ


ಬ್ಯಾಡಗಿ
೮ ಫೆಬ್ರವರಿ ೧೯೯೬

ನಾಸೀರ,

ಅಕ್ಷರ ಓದಲು ಬಾರದಿದ್ದರೆ ಕಂಪೌಂಡರನಿಂದ ಓದಿಸಿಕೋ.

ಆದದ್ದು ಆಯಿತು. ನೀನು ಬರೆದದ್ದು ನಿಜ, ಓದಿಲ್ಲದ ಹೆಂಗಸು. ಕೊಡು ಅಂದದ್ದನ್ನು ಕೊಟ್ಟಳು, ಲೆಕ್ಕ ತಪ್ಪಿದಳು. ಅವಳನ್ನು ಬೈದು ಪ್ರಯೋಜನವಿಲ್ಲ. ಅದಕ್ಕಾಗಿ ನನ್ನನ್ನೇಕೆ ಶಿಕ್ಷಿಸುತ್ತೀಯ? ಗುಳಿಗೆ ನಿಂತ ಮೇಲೆ ಕೈ ಇಳಿಯುತ್ತಿದೆ. ಹೆಬ್ಬೆರಳೂ ಹೊರಟಿದೆ. ಜೂನಿಗೆ ನಾಲ್ಕು ತಿಂಗಳು. ಸರಿಯಾದ ಪ್ರಮಾಣದಲ್ಲಿ ಮತ್ತೆ ಶುರು ಮಾಡು. ನಿನಗೆ ನನ್ನ ಜೀವ ಉಳಿಸಿದ ಕೀರ್ತಿ ಬೇಕು. ನನಗೆ ಕೈ ಬೇಕು. ಹೇಡಿಗಳ ಕೈಯಲ್ಲಿ ಔಷಧ ಇರಬಾರದು.

ಮೈ.


ಬ್ಯಾಡಗಿ
೧೫ ಫೆಬ್ರವರಿ ೧೯೯೬

ಡಾಕ್ಟರ್ ನಾಸೀರ ಸಾಹೇಬ್ರಿಗೆ ಪ್ರೇಮವ್ವ ಮಾಡೂ ನಮಸ್ಕಾರ.

ನನಗ ಪುಸ್ತಕದ ಮಾತು ಬರೂದಿಲ್ಲ. ಬಾಯಿಲೆ ಹೆಂಗ ಆಡ್ತೇನೋ ಹಂಗ ಬರದೇನಿ. ನಿಮ್ಮ ಗುರುಗಳು ನಾನು ನಾಲ್ಕನೇತ್ತೆ ಓದೇನಿ ಅಂತ ನಿಮಗ ಬರದಿದ್ರು. ಏಳು ಓದೇನಿ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮ್ಯಾಲೂ ಗಣಿತದ ಮಾಸ್ತರಿಗೆ ಮೂರು ಇಯತ್ತೆ ಲೆಕ್ಕ ತಪ್ಪೇತಿ.

ನಿಮ್ಮ ಕಾಗದ ಒಡಿಯಾಕಿ ನಾನು. ಅವರ ಕಾಗದಕ್ಕ ಅಂಟು ಹಚ್ಚಾಕಿನೂ ನಾನು. ಒಡದಾಕಿ ಓದೂದಿಲ್ಲ ಅಂತ ಇಬ್ಬರು ಶಾಣ್ಯಾರೂ ಹೆಂಗ ತಿಳಕೊಂಡ್ರಿ?

ನೀವು ನನಗ ವಾರಕ್ಕೊಮ್ಮೆ ಅಂತ ಹೇಳಿಲ್ಲ. ಅವತ್ತ ದವಾಖಾನಿ ತುಂಬ ಮಂದಿ. ನೀವು ಇನ್ನೊಬ್ಬರ ನಾಡಿ ಹಿಡಕೊಂಡು, ನನ್ನ ಮಾರಿ ಸೈತ ನೋಡಲಾರದ, "ಅಕ್ಕಾವ್ರ, ಮೂರು ಗುಳಿಗಿ. ನಿಮ್ಮೂರ ಮೆಣಸಿನಕಾಯಿ ಪೇಟಿ ದಿನ ಕೊಡ್ರಿ, ಮರಿಯೂದಿಲ್ಲ" ಅಂದ್ರಿ. ಬ್ಯಾಡಗಿ ಪೇಟಿ ಸೋಮವಾರ ಒಂದು, ಗುರುವಾರ ಒಂದು. ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಹಾವೇರಿ ಸಂತಿಯಂಗ ವಾರಕ್ಕ ಒಂದ ಅಂತ ನೀವು ತಿಳಕೊಂಡ್ರ ಅದು ನನ್ನ ಓದಿನ ತಪ್ಪೇನು?

ಮೊದಲನೇ ಸಲ ಗುರುವಾರ ಕೊಟ್ಟೆ. ಸೋಮವಾರ ಬಂತು. ಯಾಕೋ ಮನಸ್ಸು ಹಿಂದಕ್ಕ ಹೊಡೀತು. "ಏನ್ರಿ, ಮೊನ್ನೆರ ಕೊಟ್ಟೇನಿ, ಇವತ್ತೂ ಪೇಟಿ ಐತಿ. ಕೊಡ್ಲೇನು?" ಅಂತ ಕೇಳಿದೆ. ಅವರು ನನ್ನ ಮಾರಿ ನೋಡಿದ್ರು. "ಡಾಕ್ಟರು ಪೇಟಿ ದಿನ ಅಂದಾರಿಲ್ಲೋ? ಕೊಡು. ಗಣಿತ ನಿನಗ್ಯಾಕ ಬೇಕು?" ಅಂದ್ರು. ಕೊಟ್ಟೆ. ಹತ್ತು ವಾರ ಕೊಟ್ಟೆ.

ನೀವು ನನ್ನ ಕೈಯಾಗ ಕೊಟ್ಟು ಕಳಸಿದ ಕಾಗದ ಒಂದನ್ನ ನಾನು ಓದಿರಲಿಲ್ಲ. ಒಡದು ಕೊಟ್ಟ ಕೂಡ್ಲೆ ಅವರು ಓದಿ ಗಾದಿ ಕೆಳಗ ಇಟ್ಟಿದ್ರು. ಮೊನ್ನೆ ಹಾಸಿಗಿ ಝಾಡಿಸುವಾಗ ಸಿಕ್ತು. "ವಾರಕ್ಕೆ ಒಂದೇ ಸಲ" ಅಂತ ಬರದು ಗೆರಿ ಎಳದೀರಿ. ಆ ಸೋಮವಾರ ಆ ಕಾಗದದ ಮ್ಯಾಲ ಮಲಗಿ ಅವರು ನನಗ ಕೊಡು ಅಂದಾರ.

ಹುಬ್ಬಳ್ಳಿಯಾಗ ಹದಿಮೂರು ದಿನ ಅವರ ಬಾಯಿಗೆ ಹತ್ತಿಲೆ ನೀರು ಬಿಟ್ಟೇನಿ. ನನ್ನ ಕೈಲೆ ನನ್ನ ಗಂಡಗ ವಿಷಾ ಹಾಕಿದೆ ಅಂತ ನನಗ ನಾನ ಬೈಕೊಂಡೇನಿ. ಅವರು ಮಗ್ಗಲಾಗಿ ಗ್ವಾಡಿ ನೋಡಕೋಂತ ಮಲಗಿದ್ರು. ನಿಂದಲ್ಲ ಅಂತ ಒಂದು ಮಾತು ಅನಲಿಲ್ಲ. ಮನಿಗೆ ಬಂದು ನಿಮಗ ಓದಿಲ್ಲದ ಹೆಂಗಸು ಅಂತ ಬರದ್ರು. ನೀವೂ ಹಂಗ ಬರದ್ರಿ. ಎರಡು ಸುಳ್ಳಾ ಕೂಡಿ ನನ್ನ ತಲಿ ಮ್ಯಾಲ ಬಂದು ಕುಂತಾವ.

ನಾನು ಅವರಿಗೆ ಏನೂ ಕೇಳಿಲ್ಲ. ಆ ಕಾಗದ ಅವರ ಗಂಜಿ ಗಂಗಾಳದ ಬಾಜೂಕ ಇಟ್ಟೆ. ಅವತ್ತಿಂದ ಮಾತು ಬಂದ್ ಆಗ್ಯಾವ.

ಈಗ ಗುಳಿಗಿ ಬೇಕು, ಬ್ಯಾಡ ಅಂತ ಇಬ್ಬರೂ ಕಾಗದದಾಗ ಕುಸ್ತಿ ಹಿಡದೀರಿ. ಬಿಚ್ಚಿ ಕೊಡಾಕಿ ನಾನು. ಕೊಡೂದು ಅಂದ್ರ ಏನು, ಬಿಡೂದು ಅಂದ್ರ ಏನು, ಎಷ್ಟು ಗೊತ್ತೈತಿ, ಎಷ್ಟು ಗೊತ್ತಿಲ್ಲ, ಎಲ್ಲಾ ನನ್ನ ಹೆಸರಿಗೆ ಬರೀರಿ. ಹಂಗ ಬರಿಯಾಕ ಆಗದಿದ್ರ ಗುಳಿಗಿ ಕಳಸಬ್ಯಾಡ್ರಿ.

ಪ್ರೇಮವ್ವ


ಹಾವೇರಿ
೧ ಮಾರ್ಚ್ ೧೯೯೬

ಶ್ರೀಮತಿ ಪ್ರೇಮವ್ವ ಹೊಳಿಯಪ್ಪನವರ ಅವರಿಗೆ ನಾಸೀರನ ನಮಸ್ಕಾರಗಳು.

ಅಕ್ಕಾವ್ರ, ನಾನು ಪೇಟೆಯ ದಿನ ಅಂದದ್ದು ನಿಜ. ನಿಮ್ಮ ಮುಖ ನೋಡದೇ ಹೇಳಿದ್ದೂ ನಿಜ. ನಿಮಗೆ ಅರ್ಥವಾಗಲಿಕ್ಕಿಲ್ಲ ಎಂದು ನಾನೇ ತೀರ್ಮಾನಿಸಿ, ಅರ್ಧ ಹೇಳಿ, ಆಮೇಲೆ ಪೂರ್ತಿ ಹೇಳಿದ್ದೆನೆಂದು ಬರೆದೆ. ಇದಕ್ಕಿಂತ ನೀಚ ಕೆಲಸ ನಾನು ಈ ಕುರ್ಚಿಯಲ್ಲಿ ಕೂತು ಮಾಡಿಲ್ಲ. ಆರು ತಿಂಗಳ ಗುಳಿಗೆ ಒಮ್ಮೆಲೇ ಕೊಟ್ಟದ್ದೂ ತಪ್ಪು.

ಈಗ ಕೇಳಿದ್ದಕ್ಕೆ ಉತ್ತರ. ಸರ್ ಅವರ ರಕ್ತ ಈಗ ಮೊದಲಿನ ಮಟ್ಟಕ್ಕೆ ಬಂದಿದೆ. ಗುಳಿಗೆ ಮತ್ತೆ ಕೊಟ್ಟರೆ ಬಲಗೈ ಕೆಡುವುದು ಒಂದೆರಡು ವರ್ಷ ನಿಧಾನವಾಗಬಹುದು, ಆಗದಿರಬಹುದು. ಹೋದದ್ದು ತಿರುಗಿ ಬರುವುದಿಲ್ಲ. ಚಳಿಗಾಲದಲ್ಲಿ ಬಂದಂತೆ ಕಂಡದ್ದು ಗುಳಿಗೆಯಿಂದಲ್ಲ ಎಂದು ಈಗಲೂ ಅನ್ನುತ್ತೇನೆ. ಬೇಸಿಗೆಯಲ್ಲಿ ಕೈ ಇನ್ನೂ ಇಳಿಯುತ್ತದೆ. ಜೂನಿನ ಮಂಡಳಿಯ ಮುಂದೆ ಈ ಗುಳಿಗೆ ಅವರನ್ನು ಉಳಿಸುತ್ತದೆಂದು ನಾನು ಹೇಳಲಾರೆ. ಯಕೃತ್ತು, ರಕ್ತ, ಶ್ವಾಸಕೋಶ ಮೂರಕ್ಕೂ ಅಪಾಯವಿದೆ. ಒಮ್ಮೆ ಪೆಟ್ಟು ತಿಂದ ಮೈ. ನನಗೆ ಗೊತ್ತಿರುವುದು ಒಂದೇ ಪರೀಕ್ಷೆ, ಅರವತ್ತು ಜನ. ಕೊಡದಿದ್ದರೆ ರೋಗ ತನ್ನ ದಾರಿಗೆ ಹೋಗುತ್ತದೆ. ಅದು ತಪ್ಪು ನಿರ್ಧಾರವಲ್ಲ.

ಕೊಡುವುದಾದರೆ ಗುರುವಾರ ಮಾತ್ರ, ಮೂರು ಮಾತ್ರ. ನಾಲ್ಕು ವಾರದ್ದಷ್ಟೇ ಕೊಡುತ್ತೇನೆ. ರಕ್ತದ ವರದಿ ಕೈಗೆ ಬಂದ ಮೇಲೆ ಮುಂದಿನದು. ಬಾಯಲ್ಲಿ ಒಂದು ಹುಣ್ಣು ಕಂಡರೂ ಯಾರನ್ನೂ ಕೇಳದೆ ನೀವೇ ನಿಲ್ಲಿಸಿರಿ.

ಇನ್ನೊಂದು. ಸರ್ ಅವರು ಇದೆಲ್ಲ ಅರ್ಥವಾಗಿದೆ ಎಂದು ಒಪ್ಪಿಗೆ ಬರೆದು ಕಳಿಸಬೇಕು. ಸ್ವಂತ ಕೈಯಿಂದ. ನನಗೆ ತೋರಿಸುವ ಮೊದಲು ನಿಮಗೆ ತೋರಿಸಬೇಕು. ನಿಮಗೆ ಸರಿ ಕಂಡರೆ ಮಾತ್ರ ಅಂಚೆಗೆ ಹಾಕಿರಿ.

ನಾಸೀರ


ಬ್ಯಾಡಗಿ
೨೦ ಮಾರ್ಚ್ ೧೯೯೬

ಡಾಕ್ಟರ ಸಾಹೇಬ್ರಿಗೆ ನಮಸ್ಕಾರ.

ನಿಮ್ಮ ಕಾಗದ ಅವರಿಗೆ ಜೋರಲೆ ಓದಿ ಹೇಳಿದೆ. ಜೂನಿನ ಮಾತು ಬಂದಾಗ ಕಣ್ಣ ಮುಚ್ಚಿಕೊಂಡ್ರು. ಆಮ್ಯಾಲ ಪೆನ್ನಿಗೆ ಕೈ ಚಾಚಿದ್ರು.

ಬರಿಯಾಕ ಐದು ದಿನ ಹಿಡೀತು. ಮೊದಲನೇ ದಿನ ನಿಮಗ ಬೈಯೂದರಿಂದ ಸುರು ಮಾಡಿದ್ರು, ಎರಡು ಸಾಲಿಗೆ ಕೈ ನಿಂತಿತು. ಹರದು ಒಗದ್ರು. ಎರಡನೇ ದಿನ ಹೆಡ್ಮಾಸ್ತರಿಗೆ ಬೈದ್ರು, ಒಂದೂವರಿ ಸಾಲಿಗೆ ನಿಂತಿತು. ಅದನ್ನೂ ಹರದ್ರು. "ಬೈಯ್ಯಾಕ ಸಾಲೂವಷ್ಟು ಕೈ ಉಳದಿಲ್ಲ" ಅಂದ್ರು. ಅವತ್ತ ಮೊದಲನೇ ಸಲ ನನ್ನ ಕೂಡ ಮಾತಾಡಿದ್ದು. ನಾನು ಪೆನ್ನಿಗೆ ಕೈ ಹಚ್ಚಿಲ್ಲ. ಹಾಳಿ ಸರಿಯಲಾರದಂಗ ಹಿಡಕೊಂಡು ಕುಂತೆ, ಅಷ್ಟ. ಉಳದ ಮೂರು ದಿನದಾಗ ಬರದದ್ದು ಇದರ ಜೋಡಿ ಐತಿ. ಓದೇನಿ. ಟಪಾಲಿಗೆ ಹಾಕೇನಿ.

ಗುಳಿಗಿ ಕಳಸ್ರಿ.

ಪ್ರೇಮವ್ವ


ಒಪ್ಪಿಗೆ

ಈ ಗುಳಿಗೆ ಈ ರೋಗಕ್ಕೆಂದು ಮಾಡಿದ್ದಲ್ಲ. ಗೊತ್ತು.

ಕೈ ಉಳಿಯದಿರಬಹುದು. ಗೊತ್ತು.

ವಾರಕ್ಕೆ ಒಂದೇ ಸಲ. ಅಂದೂ ಗೊತ್ತಿತ್ತು.

ಪ್ರೇಮಾ ಕೇಳಿದ್ದಳು. ಕೊಡು ಅಂದವನು ನಾನು.

ಮೈಲಪ್ಪ